ಆರಿನ್ ಟ್ಯಾಕೆಟ್‌ನ ಸೊಂಟದ ಗಂಟು

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಜುಲೈ ತಿಂಗಳಲ್ಲಿ, ಓಕ್ಲಹೋಮಾದ ಡ್ರೈ ಫೋರ್ಕ್ ಎಂಬ ಊರಿನಲ್ಲಿ ಯಾರ ಕಣ್ಣಿಗೂ ಬೀಳದ ಮನುಷ್ಯನೊಬ್ಬನಿದ್ದ. ಅಜ್ಜಿಯರ ಕತೆಗಳಲ್ಲಾದರೆ ಇಂಥವರಿಗೆ ಮಾಯದ ಟೋಪಿಯೋ ಮಂತ್ರದ ಕಂಬಳಿಯೋ ಬೇಕಾಗುತ್ತದೆ. ಆರಿನ್ ಟ್ಯಾಕೆಟ್‌ಗೆ ಅದು ಹುಟ್ಟಿನಿಂದಲೇ ಬಂದ ವಿದ್ಯೆ. ಹೋಟೆಲಿನಲ್ಲಿ ಕೂತರೆ ಕಾಫಿ ಹಾಕುವ ಹುಡುಗಿ ಅವನ ಮೇಜನ್ನು ಖಾಲಿ ಎಂದುಕೊಂಡು ಒರೆಸಿ ಹೋಗುತ್ತಿದ್ದಳು. ಚರ್ಚಿನ ಗುಂಪು ಫೋಟೋದಲ್ಲಿ ಅವನ ಮುಖವಿರಬೇಕಾದ ಕಡೆ ಯಾವಾಗಲೂ ಇನ್ನೊಬ್ಬರ ಟೋಪಿ ಇರುತ್ತಿತ್ತು. ಭಾನುವಾರಗಳಲ್ಲಿ ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟು, ಚರ್ಚಿನ ಅಂಗಳದ ಉರಿಬಿಸಿಲಲ್ಲಿ ಕಾರುಗಳಿಗೆ ಜಾಗ ತೋರಿಸುವುದು ಅವನ ಸೇವೆ. ಅಲ್ಲಿಯೂ ಜನ ಅವನ ಕೈಯನ್ನು ನೋಡುತ್ತಿದ್ದರು, ಅವನನ್ನಲ್ಲ.

ಅವನ ಅಪ್ಪ ಹಾಗಿರಲಿಲ್ಲ. ಅದೇ ಚರ್ಚಿನ ಬಾಗಿಲಲ್ಲಿ ನಿಂತು, ಸಾಯುವವರೆಗೂ ಬಂದವರೆಲ್ಲರ ಕೈ ಕುಲುಕಿದವನು. ಆ ಬಾಗಿಲಲ್ಲಿ ಒಂದು ದಿನವಾದರೂ ನಿಲ್ಲಬೇಕೆಂಬುದು ಆರಿನ್‌ನ ಬಾಳಿನ ಒಂದೇ ಆಸೆ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೂ ಯಾರಿಗೂ ಕೇಳಿಸುತ್ತಿರಲಿಲ್ಲ.

ಹೀಗಿರುವಾಗ ಹೊಸದಾಗಿ ಬಂದ ಎಳೆವಯಸ್ಸಿನ ಪಾಸ್ಟರ್ ಕೋಲ್ಬಿ ಅವನನ್ನು ಪಕ್ಕಕ್ಕೆ ಕರೆದರು.

"ಬ್ರದರ್ ಆರಿನ್, ಚರ್ಚಿಗೂ ನುಗ್ಗಿ ಗುಂಡು ಹಾರಿಸೋ ಕಾಲ ಇದು, ನಮ್ಮ ಕಾವಲು ತಂಡದಲ್ಲಿ ಒಬ್ಬರು ಕಮ್ಮಿ ಇದಾರೆ. ಈ ಭಾನುವಾರ ಬಾಗಿಲ ಹತ್ರ ನಿಲ್ತೀರಾ? ನಿಮ್ಮ ಹತ್ರ ಬಂದೂಕು ಇದೆಯಲ್ಲ?"

"ಅಪ್ಪಂದು ರಿವಾಲ್ವರ್ ಇದೆ, ಪಾಸ್ಟರ್."

"ಆದ್ರೆ ಒಂದು ಷರತ್ತು. ಅದು ಇದೆ ಅಂತ ಸಭೇಲಿ ಒಂದು ನರಪಿಳ್ಳೆಗೂ ಗೊತ್ತಾಗಬಾರದು. ದೇವರ ಮನೆಗೆ ಬಂದೋರು ಬೆಚ್ಚಿಬೀಳಬಾರದು. ಒಬ್ಬರಿಗೆ ಗೊತ್ತಾದ್ರೂ ನೀವು ಮತ್ತೆ ಕಾರುಗಳ ಹತ್ರಾನೇ."

"ಯಾರಿಗೂ ಗೊತ್ತಾಗಲ್ಲ. ಮಾತು ಕೊಡ್ತೀನಿ," ಎಂದ ಆರಿನ್. ಕಣ್ಣಿಗೆ ಬೀಳದಿರುವುದನ್ನೇ ಕೆಲಸವಾಗಿ ಕೊಟ್ಟರೆ ತನಗಿಂತ ತಕ್ಕವನು ಭೂಮಿಯ ಮೇಲೆ ಯಾರಿದ್ದಾರೆ ಎಂದುಕೊಂಡ.

ಭಾನುವಾರ ಬೆಳಗ್ಗೆ ಕನ್ನಡಿಯ ಮುಂದೆ ನಿಂತಾಗ ಆ ನಂಬಿಕೆ ಇಳಿಯಿತು. ಈಗಿನ ಪಿಸ್ತೂಲುಗಳು ಬಿಸ್ಕತ್ತಿನ ಪೊಟ್ಟಣದಂತೆ ಚಪ್ಪಟೆಯಾಗಿ ಸೊಂಟಕ್ಕೆ ಅಂಟಿಕೊಳ್ಳುತ್ತವೆ. ಅಪ್ಪನ ರಿವಾಲ್ವರು ಮಳೆಗಾಲದ ಕಪ್ಪೆಯ ಹಾಗೆ ನಡುವೆ ಊದಿಕೊಂಡಿತ್ತು. ಅದನ್ನು ಚರ್ಮದ ಚೀಲದಲ್ಲಿಟ್ಟು ಪ್ಯಾಂಟಿನ ಒಳಗೆ, ಬಲಸೊಂಟಕ್ಕೆ ಸಿಕ್ಕಿಸಿದರೆ ಪ್ಯಾಂಟಿನ ಗುಂಡಿ ಕೂಡಲಿಲ್ಲ. ದೊಡ್ಡ ಪ್ಯಾಂಟು ಹಾಕಿದರೆ ಕಬ್ಬಿಣದ ಭಾರಕ್ಕೆ ಅದು ಮೊಣಕಾಲಿನತ್ತ ಹೊರಟಿತು. ದಪ್ಪ ಬೆಲ್ಟು ಬಿಗಿದ. ಉಸಿರು ನಿಂತಿತು, ಪ್ಯಾಂಟೂ ನಿಂತಿತು.

ಮೊದಲು ನೀಲಿ ಟೀ ಶರ್ಟು ತೊಟ್ಟ. ಅದು ರಿವಾಲ್ವರಿಗೆ ಹೊಲಿಸಿದಂತೆ ಕೂತು, ಹಿಡಿ ಎಲ್ಲಿ, ನಳಿಗೆ ಎಲ್ಲಿ ಎಂದು ತೋರಿಸಿತು. ಬಿಳಿ ಅಂಗಿಯ ಕೆಳಗೆ ಅದು ಮಂಜಿನಲ್ಲಿ ನಿಂತ ಹಸುವಿನಂತೆ ಕಂಡಿತು. ಮದುವೆಯ ಕಾಲದ ಕೋಟು ತೆಗೆದ. ಅದರ ಎರಡು ಅಂಚುಗಳು ಜಗಳವಾಡಿದ ಅಣ್ಣತಮ್ಮಂದಿರಂತೆ ಹತ್ತಿರ ಬರಲು ಒಪ್ಪಲಿಲ್ಲ.

ಹೆಂಡತಿ ಗ್ಲೆಂಡಾ ಕಾಫಿ ಹಿಡಿದು ಬಾಗಿಲಿಗೊರಗಿ ನೋಡುತ್ತಿದ್ದಳು.

"ಹೇಗೆ ಕಾಣ್ತೀನಿ?"

"ಅಂಗಡೀಲಿ ಕೋಳಿ ಕದ್ದವನ ಹಾಗೆ."

"ಗ್ಲೆಂಡಾ, ತಮಾಷೆ ಬೇಡ. ಇದೊಂದು ದಿನ ನನಗೆ ಬೇಕು."

ಅವನ ದನಿ ಕೇಳಿ ಅವಳು ಕಾಫಿ ಕೆಳಗಿಟ್ಟಳು. ಬೀರುವಿನ ತಳದಿಂದ, ಅಳಿಯ ಫ್ಲಾರಿಡಾದಿಂದ ತಂದಿದ್ದ ಅಂಗಿ ಹುಡುಕಿ ಕೊಟ್ಟಳು. ದಾಸವಾಳ, ಗಿಳಿ, ಅನಾನಸು, ಎಲ್ಲ ಒಂದರ ಮೇಲೊಂದು ಬಿದ್ದಿದ್ದ ಅಂಗಿ. "ಇಷ್ಟೊಂದು ಗಿಳಿಗಳ ಮಧ್ಯೆ ಒಂದು ಗಂಟು ಯಾರಿಗೆ ಕಾಣುತ್ತೆ? ಹೊರಗೆ ಬಿಟ್ಟುಕೊಂಡು ಹಾಕ್ಕೋ."

ನಿಜವಾಗಿ ಏನೂ ಕಾಣಲಿಲ್ಲ. ನಿಂತರೆ ಕಾಣಲಿಲ್ಲ, ತಿರುಗಿದರೆ ಕಾಣಲಿಲ್ಲ. ಪರೀಕ್ಷೆಗೆಂದು ಅವನು ಹಿತ್ತಲಿಗೆ ಹೋಗಿ ಟೊಮೇಟೊ ಗಿಡಗಳಿಗೆ ನೀರು ಬಿಟ್ಟ. ಕೊಳವೆ ಎತ್ತಿಕೊಳ್ಳಲು ಬಗ್ಗಿದಾಗ ಅಂಗಿ ಬಿಗಿದು ಬಲಸೊಂಟದಲ್ಲಿ ಗಂಟೆದ್ದಿತು. ಆಗ ಬೇಲಿಯಾಚೆ ವರ್ಲೀನ್ ಹಾಬ್ಸ್ ಇದ್ದಳು.

ವರ್ಲೀನ್ ಹಾಬ್ಸ್ ಚರ್ಚಿನ ಪ್ರಾರ್ಥನಾ ಸರಪಳಿಯ ಮೊದಲ ಕೊಂಡಿ. ಊರಿನಲ್ಲಿ ಯಾರಿಗಾದರೂ ಕಾಯಿಲೆ ಬಂದರೆ ಅವಳು ಒಬ್ಬಳಿಗೆ ಫೋನು ಮಾಡುವಳು, ಆ ಒಬ್ಬಳು ಇನ್ನೊಬ್ಬಳಿಗೆ. ರೋಗಿಗೆ ಡಾಕ್ಟರು ಹೇಳುವ ಮೊದಲೇ ಊರಿಗೆಲ್ಲ ಗೊತ್ತಾಗಿರುತ್ತಿತ್ತು.

"ಕಂದಾ, ಏನದು ನಿನ್ನ ಸೊಂಟದ ಹತ್ರ?"

ಆರಿನ್ ಥಟ್ಟನೆ ನೆಟ್ಟಗಾದ. "ಏನಿಲ್ಲ, ಮಿಸ್ ವರ್ಲೀನ್."

"ನನ್ನ ಗಂಡ ಹೋಮರ್ ಕೂಡ ಏನಿಲ್ಲ, ಏನಿಲ್ಲ ಅಂತಿದ್ದ. ಆಮೇಲೆ ಅವನೇ ಇಲ್ಲ. ಗಟ್ಟಿ ಇದೆಯೋ, ಮೆತ್ತಗಿದೆಯೋ?"

ಸುಳ್ಳು ಹೇಳಿ ಅಭ್ಯಾಸವಿಲ್ಲದವನು. "ಗಟ್ಟಿ," ಎಂದುಬಿಟ್ಟ.

"ನೋವು?"

"ಕೂತಾಗ."

"ಅಯ್ಯೋ ದೇವರೇ. ಮನೇಲಿ ಬೇರೆ ಯಾರಿಗಾದ್ರೂ ಇತ್ತೇನೋ?"

"ಅಪ್ಪನಿಂದ ಬಂದಿದ್ದು," ಎಂದ ಆರಿನ್, ನೆಲ ನೋಡುತ್ತ. ಗಂಟಲ್ಲ, ರಿವಾಲ್ವರು ಎಂದು ಹೇಳಿದರೆ ಬಾಗಿಲು ಕೈತಪ್ಪುತ್ತದೆ. ಹೇಳದಿದ್ದರೆ ಏನಾಗುತ್ತದೆ ಎಂಬುದು ಅವನಿಗೆ ಹೊಳೆಯುವಷ್ಟರಲ್ಲಿ ವರ್ಲೀನ್ ಫೋನು ಹುಡುಕುತ್ತ ಒಳಗೆ ಓಡಿದ್ದಳು.

ಅವನು ಮತ್ತೊಂದು ಅಂಗಿ ಬದಲಿಸುವ ಮೊದಲೇ ಕರೆಗಂಟೆ ಬಡಿಯಿತು. ಬಾಗಿಲಲ್ಲಿ, ಮಧ್ಯಾಹ್ನ ಚರ್ಚಿನ ಸಹಪಂಕ್ತಿಯ ಊಟಕ್ಕೆಂದು ಮಾಡಿದ್ದ ಟ್ಯೂನಾ ಮೀನು, ನೂಡಲ್ಸು, ಚೀಸು ಬೇಯಿಸಿದ ಗಾಜಿನ ತಟ್ಟೆ. ಅದರ ಹಿಂದೆ ಹುರುಳಿಕಾಯಿಯ ತಟ್ಟೆ. ಅದರ ಹಿಂದೆ ಇನ್ನೊಂದು ಟ್ಯೂನಾ. ಡ್ರೈ ಫೋರ್ಕಿನಲ್ಲಿ ಸಾವಿನ ಸುದ್ದಿ ಈ ತಟ್ಟೆಗಳಲ್ಲೇ ಮೊದಲು ಬರುವುದು. ತಟ್ಟೆಯ ತಳಕ್ಕೆ ಹೆಸರಿನ ಚೀಟಿ ಅಂಟಿಸಿದ್ದರೆ ಬದುಕುವ ಆಸೆಯಿದೆ, ತಟ್ಟೆ ಮರಳಿಸಬೇಕು. ಇವತ್ತು ಬಂದ ಯಾವ ತಟ್ಟೆಗೂ ಚೀಟಿ ಇರಲಿಲ್ಲ.

ಕೊಟ್ಟವರೆಲ್ಲ ಅವನ ಮುಖವನ್ನೊಮ್ಮೆ ನೋಡಿ, ಕಣ್ಣನ್ನು ಮೆಲ್ಲಗೆ ಬಲಸೊಂಟಕ್ಕೆ ಇಳಿಸಿದರು. ಜೀವಮಾನದಲ್ಲಿ ಯಾರೂ ನೋಡದಿದ್ದವನನ್ನು ಇಡೀ ಬೀದಿ ನೋಡುತ್ತಿತ್ತು, ಅದೂ ಯಾರೂ ನೋಡಬಾರದ ಕಡೆ.

"ಕರಿ ಅಂಗಿ ಹಾಕ್ಕೋ," ಎಂದಳು ಗ್ಲೆಂಡಾ. ಹಾಕಿಕೊಂಡ. "ಆಗಲೇ ಶವಪೆಟ್ಟಿಗೆಗೆ ಸಿದ್ಧವಾಗಿದಾನೆ ಪಾಪ," ಎಂದು ಗೇಟಿನ ಹತ್ತಿರ ಯಾರೋ ಮೂಗೊರೆಸಿಕೊಂಡರು. ಅಗಲವಾದ ಚೌಕುಳಿ ಅಂಗಿ ಹಾಕಿದ. "ಊತ ಮುಚ್ಚೋಕೆ ದೊಡ್ಡ ಅಂಗಿ," ಎಂದರು. ಕೊನೆಗೆ ಉಣ್ಣೆಯ ಸ್ವೆಟರು ಹಾಕಿ ಟ್ರಕ್ಕು ಹತ್ತಿದ. ನಲ್ಲಿ ನೀರು ಬಿಸಿಯಾಗಿ ಬರುವ ಆ ಜುಲೈನಲ್ಲಿ ಸ್ವೆಟರು ಕಂಡು ವರ್ಲೀನ್ ಎದೆ ಹಿಡಿದುಕೊಂಡಳು. "ಚಳಿ ಜ್ವರಾನೂ ಶುರುವಾಯ್ತು."

ಚರ್ಚಿನ ಅಂಗಳ ಸೇರುವ ಹೊತ್ತಿಗೆ ಆರಿನ್ ಒದ್ದೆ ಕಂಬಳಿಯಾಗಿದ್ದ. ಟ್ರಕ್ಕಿನೊಳಗಿಂದ ನೋಡಿದ. ಚರ್ಚಿನ ಮೆಟ್ಟಿಲ ಮೇಲೆ ಜನ ಗುಂಪುಗೂಡಿ ಅವನತ್ತ ಬೊಟ್ಟು ತೋರಿಸುತ್ತಿದ್ದರು. ಅಪ್ಪ ನಿಲ್ಲುತ್ತಿದ್ದ ಬಾಗಿಲು ಅವರ ಹಿಂದೆ ತೆರೆದಿತ್ತು.

"ಮುಗೀತು, ಗ್ಲೆಂಡಾ. ಅಂಗಿಗಳೇ ನನಗೆ ಒಲಿಯಲಿಲ್ಲ. ಒಳಗೆ ಹೋಗಿ ಪಾಸ್ಟರಿಗೆ ಸೋತೆ ಅಂತ ಹೇಳ್ತೀನಿ."

ಅವನು ಗುಂಡುಗಳನ್ನು ತೆಗೆದು, ರಿವಾಲ್ವರನ್ನು ಸೀಟಿನಡಿಯ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಸ್ವೆಟರು ಬಿಚ್ಚಿದ. ಒಳಗಿದ್ದ ತೆಳುವಾದ ಹಳೆಯ ಅಂಗಿಯಲ್ಲಿ, ಎಂದಿನ ಆರಿನ್ ಆಗಿ ಇಳಿದು ಹೋದ. ಗ್ಲೆಂಡಾ ಅವನ ಬೆವೆತ ಕೈಯನ್ನು ಹಿಡಿದುಕೊಂಡಳು.

ಆದರೆ ಪಾಸ್ಟರ್ ಆಗಲೇ ವೇದಿಕೆ ಹತ್ತಿದ್ದರು. "ಇವತ್ತು ಯಾರಿಗಾಗಿ ಪ್ರಾರ್ಥಿಸೋಣ?" ಎಂದು ಕೇಳಿದ್ದೇ ತಡ, ವರ್ಲೀನ್ ಎದ್ದು ನಿಂತಳು.

"ಬ್ರದರ್ ಆರಿನ್‌ಗೆ, ಪಾಸ್ಟರ್. ಬಲಸೊಂಟದಲ್ಲಿ ಗಡ್ಡೆ. ಇಷ್ಟು ದಪ್ಪ. ಕಬ್ಬಿಣದ ಹಾಗೆ ಗಟ್ಟಿಯಂತೆ, ಅವನೇ ಹೇಳಿದ. ಅವನಪ್ಪನನ್ನ ತಿಂದಿದ್ದೂ ಅದೇ."

ಅಪ್ಪ ಸತ್ತದ್ದು ಏಣಿಯಿಂದ ಬಿದ್ದು. ಅದು ಆ ಗಳಿಗೆಯಲ್ಲಿ ಯಾರಿಗೂ ನೆನಪಾಗಲಿಲ್ಲ. ಬಲಸೊಂಟ ಎಂದ ಕೂಡಲೇ ಪಾಸ್ಟರ್ ಕೋಲ್ಬಿಯ ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತು. ಅದೇನೆಂದು ತಿಳಿದಿದ್ದವರು ಅವರೊಬ್ಬರೇ. ಹೇಳುವಂತಿರಲಿಲ್ಲ, ಸುಮ್ಮನಿರುವಂತೆಯೂ ಇರಲಿಲ್ಲ.

"ಮುಂದೆ ಕರೀರಿ ಪಾಸ್ಟರ್, ಕೈಯಿಟ್ಟು ಪ್ರಾರ್ಥಿಸೋಣ," ಎಂದರು ಹಿಂದಿನ ಸಾಲಿನವರು. ಯಾರೋ ಆರಿನ್‌ನನ್ನು ಎಬ್ಬಿಸಿದರು, ಯಾರೋ ನೂಕಿದರು. ಹೆಗಲ ಮೇಲೆ, ಬೆನ್ನ ಮೇಲೆ, ತಲೆಯ ಮೇಲೆ ಅಂಗೈಗಳು ಬಿದ್ದವು. ಪಾಸ್ಟರ್ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಬೇರೆ ಯಾವುದೋ ವಿಷಯಕ್ಕೆ ದೇವರನ್ನು ಬೇಡುವವರಂತೆ ನಡುಗುತ್ತ ಪ್ರಾರ್ಥಿಸಿದರು. ವರ್ಲೀನ್‌ಳ ಕೈ ಮಾತ್ರ ನೇರವಾಗಿ ಬಲಸೊಂಟಕ್ಕೆ ಬಂತು. ಒತ್ತಿತು. ಮೇಲೆ ಹುಡುಕಿತು, ಕೆಳಗೆ ಹುಡುಕಿತು. ನಿಂತಿತು.

"ಇಲ್ಲ," ಎಂದಳು ಅವಳು, ಪಿಸುದನಿಯಲ್ಲಿ. "ಗಂಟು ಇಲ್ಲ. ಬೆಳಗ್ಗೆ ನನ್ನ ಈ ಕಣ್ಣಾರೆ ನೋಡಿದ್ದೆ. ಹೋಗಿಬಿಟ್ಟಿದೆ."

ಒಂದು ಗಳಿಗೆ ಸಭೆಯ ಬೀಸಣಿಗೆಗಳೂ ನಿಂತವು. ಆಮೇಲೆ ಚಾವಣಿ ಹಾರಿಹೋಗುವಂತೆ ಹಲ್ಲೆಲೂಯ ಎದ್ದಿತು. ಗ್ಲೆಂಡಾ ಹಾಡಿನ ಪುಸ್ತಕದಲ್ಲಿ ಮುಖ ಹುದುಗಿಸಿದಳು. ಅವಳ ಹೆಗಲು ಕುಲುಕುವುದನ್ನು ಕಂಡು ಪಕ್ಕದವರು, "ಅತ್ತುಬಿಡು, ಸಿಸ್ಟರ್, ಅತ್ತುಬಿಡು," ಎಂದು ಬೆನ್ನು ಸವರಿದರು.

ಹಾಡು ನಡೆಯುತ್ತಿದ್ದಾಗ ಪಾಸ್ಟರ್ ಅವನನ್ನು ಪಕ್ಕದ ಕೋಣೆಗೆ ಎಳೆದುಕೊಂಡು ಹೋದರು.

"ಎಲ್ಲಿದೆ ಅದು?"

"ಟ್ರಕ್ಕಲ್ಲಿ. ಬೀಗ ಹಾಕಿದೀನಿ. ಪಾಸ್ಟರ್, ನಾನು ಎದ್ದು ನಿಂತು ನಿಜ ಹೇಳಿಬಿಡ್ತೀನಿ."

ಪಾಸ್ಟರ್ ಬಾಗಿಲ ಸಂದಿನಿಂದ ಸಭೆಯನ್ನು ನೋಡಿದರು. ಹೋಮರ್ ಸತ್ತಂದಿನಿಂದ ಹಾಡಲು ಬಾಯಿ ತೆರೆಯದಿದ್ದ ವರ್ಲೀನ್ ಕಣ್ಣು ಮುಚ್ಚಿ ಹಾಡುತ್ತಿದ್ದಳು. ಶ್ರುತಿ ಎಲ್ಲೋ, ಅವಳೆಲ್ಲೋ.

"ಆಕೆಗೆ ನೀವೇ ಹೋಗಿ ಹೇಳ್ತೀರಾ?" ಎಂದರು ಪಾಸ್ಟರ್.

ಆರಿನ್ ಅವಳನ್ನು ನೋಡಿದ. "ಇಲ್ಲ," ಎಂದ.

"ಹಾಗಾದ್ರೆ ಕೇಳಿ. ಇನ್ನು ಈ ಊರಲ್ಲಿ ನಿಮ್ಮ ಬಲಸೊಂಟ ಚಪ್ಪಟೆಯಾಗೇ ಇರಬೇಕು. ರಿವಾಲ್ವರ್ ಬಿಡಿ, ಆ ಜೇಬಲ್ಲಿ ಕರವಸ್ತ್ರಾನೂ ಇಡಬೇಡಿ."

"ಎಡಸೊಂಟ?"

"ಅಲ್ಲಿಗೆ ಹಬ್ಬಿದೆ ಅಂತಾರೆ."

ಗೂಟಕ್ಕೆ ನೇತುಹಾಕಿದ್ದ ಕಿತ್ತಳೆ ಜಾಕೆಟ್ಟನ್ನು ಪಾಸ್ಟರ್ ತೆಗೆದು ಅವನ ಕೈಗಿಟ್ಟರು. ಆಮೇಲೆ ಅವನ ಮುಖ ನೋಡಲಾರದೆ, "ಇವತ್ತೊಂದು ದಿನ, ಸಭೆ ಮುಗಿಯೋವರೆಗೆ ಬಾಗಿಲಲ್ಲಿ ನಿಲ್ಲಿ," ಎಂದರು.

ಆರಿನ್ ನಿಂತ. ಅಪ್ಪ ನಿಲ್ಲುತ್ತಿದ್ದ ಅದೇ ಹಲಗೆಯ ಮೇಲೆ, ಜಾಕೆಟ್ಟನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ನಿಂತ. ಆಶೀರ್ವಚನ ಮುಗಿದು ಜನ ಹೊರಬಂದರು. ಅವನು ಕೈ ಚಾಚಿದ. ಒಬ್ಬರೂ ಅದನ್ನು ಕುಲುಕಲಿಲ್ಲ. ಎಲ್ಲರೂ ಬಗ್ಗಿ ಅವನ ಬಲಸೊಂಟವನ್ನು ಮುಟ್ಟಿ, ಆ ಬೆರಳನ್ನು ತಮ್ಮ ತಮ್ಮ ನೋವಿನ ಜಾಗಕ್ಕೆ ಒತ್ತಿಕೊಂಡು ನಡೆದರು. ಒಬ್ಬನಂತೂ ಹಲ್ಲಿಗೆ ಒತ್ತಿಕೊಂಡ.

ಎಲ್ಲರಿಗಿಂತ ಕೊನೆಗೆ ವರ್ಲೀನ್ ಬಂದು ಎರಡು ಸಲ ಒತ್ತಿ ನೋಡಿದಳು.

"ಪ್ರತಿ ಭಾನುವಾರ ನೋಡ್ತೀನಿ ಕಂದಾ. ಇಂಥವು ಮತ್ತೆ ಬರ್ತವೆ. ಹೆದರಬೇಡ, ನಮ್ಮಮ್ಮ ನೂರು ದಾಟಿದೋಳು, ನಾನೂ ಅಷ್ಟು ಬೇಗ ಹೋಗೋಳಲ್ಲ."

ಆರಿನ್ ಕಿತ್ತಳೆ ಜಾಕೆಟ್ಟು ತೊಟ್ಟು ಬಿಸಿಲಿಗಿಳಿದ. ಕೈಯೆತ್ತಿ ದಾರಿ ತೋರಿಸಿದ. ಇವತ್ತು ಯಾರೂ ಅವನ ಕೈಯನ್ನು ನೋಡಲಿಲ್ಲ. ಎಲ್ಲರೂ ಸೊಂಟವನ್ನೇ ನೋಡುತ್ತ ಒಬ್ಬರ ಕಾರಿಗೆ ಇನ್ನೊಬ್ಬರು ಗುದ್ದಿಕೊಂಡರು. ಅಂಗಳ ಖಾಲಿಯಾಗುವ ಹೊತ್ತಿಗೆ ಮನೆಯಲ್ಲಿ ಟ್ಯೂನಾ ತಟ್ಟೆಗಳು ತಣ್ಣಗಾಗಿದ್ದವು.

ಅಪ್ಪನ ರಿವಾಲ್ವರು ಸೀಟಿನಡಿಯ ಕತ್ತಲೆಯಲ್ಲಿ ಮಲಗಿತ್ತು. ಅದಿರುವುದು ಸಭೆಯಲ್ಲಿ ಒಂದು ನರಪಿಳ್ಳೆಗೂ ತಿಳಿಯುವುದಿಲ್ಲ ಎಂದು ಆರಿನ್ ಟ್ಯಾಕೆಟ್ ಮಾತು ಕೊಟ್ಟಿದ್ದ. ತಿಳಿಯಲಿಲ್ಲ.