ಡ್ರಾವರಿನ ಕಕ್ಷಿದಾರರು

ಋತುಗಳ ವಿಷಯದಲ್ಲಿ ನಾನು ಮೊದಲಿನಿಂದಲೂ ದಡ್ಡ. ಶಿಗ್ಗಾಂವದ ಕೋರ್ಟಿನಲ್ಲಿ ಕರಿಕೋಟು ತೊಟ್ಟು ಬೆವರುವ ವಕೀಲನಿಗೆ ಇರುವುದು ಎರಡೇ ಋತು: ಬೇಸಿಗೆ ಮತ್ತು ಬೇಸಿಗೆಯ ರಜೆ. ವಸಂತ ಎಂಬುದೊಂದಿದೆ ಎಂದು ಈ ವರ್ಷ ತೋರಿಸಿಕೊಟ್ಟದ್ದು ನನ್ನ ಮೊಣಕಾಲು. ದಿನಾ ಬೆಳಿಗ್ಗೆ ನಡೆಯಿರಿ ಎಂದರು ಡಾಕ್ಟರು. ರಸ್ತೆಯಲ್ಲಿ ನಡೆದರೆ ಕಂಡವರೆಲ್ಲ ಪುಕ್ಕಟೆ ಸಲಹೆ ಕೇಳುತ್ತಾರೆ; ಅದಕ್ಕೇ ಹಿತ್ತಲಲ್ಲಿ ಸುತ್ತತೊಡಗಿದೆ. ಅಬ್ಬಾ, ಅಲ್ಲಿ ಏನೇನು ನಡೆದಿತ್ತು! ಬೋಳಾಗಿದ್ದ ಬೇವಿಗೆ ತಾಮ್ರದ ಬಣ್ಣದ ಚಿಗುರು. ನುಗ್ಗೆಯ ಹೂವಿಗೆ ಹೆಬ್ಬೆರಳಿನಷ್ಟು ಹಕ್ಕಿಗಳು ತಲೆಕೆಳಗಾಗಿ ಜೋತುಬಿದ್ದಿದ್ದವು. ಕೋಗಿಲೆ ಕೂಗಿದ್ದೇ ತಡ, ಬಾಯಲ್ಲಿ ಬ್ರಶ್ಶಿಟ್ಟುಕೊಂಡೇ ಒಳಗೆ ಓಡಿ ಹೆಂಡತಿ ಸುಧಾಳನ್ನು ಎಳೆದುಕೊಂಡು ಬಂದೆ. "ಇಪ್ಪತ್ತು ವರ್ಷದಿಂದ ಕೂಗಾಕತ್ತೈತ್ರಿ. ನಿಮಗ ಇವತ್ತ ಕಿವಿ ಬಂದಾವೇನು?" ಎಂದಳು.

ಎಲ್ಲಕ್ಕಿಂತ ನನ್ನನ್ನು ಮರುಳು ಮಾಡಿದ್ದು ಒಂದು ಕರಿಯ ಹಕ್ಕಿ. ಹೆಸರು ಗೊತ್ತಿಲ್ಲ. ಬಾಲದ ಕೆಳಗೆ ಇಟ್ಟಿಗೆ ಬಣ್ಣ. ಆ ಬಾಲವನ್ನು ಸದಾ ಮೇಲೆತ್ತಿಕೊಂಡು, ತಪಾಸಣೆಗೆ ಬಂದ ಸಾಹೇಬರ ಹಾಗೆ ಗತ್ತಿನಿಂದ ಓಡಾಡುತ್ತದೆ. ಒಂದು ಬೆಳಿಗ್ಗೆ ಸಾಹೇಬರು ಹುಳು ಕಚ್ಚಿಕೊಂಡು ಹಿತ್ತಲ ಮೂಲೆಯ ಹಳೇ ಸಾಮಾನಿನೊಳಗೆ ನುಗ್ಗಿದರು. ಅಲ್ಲಿರುವುದು ಮುರಿದ ಹೊರಸು, ಗೆದ್ದಲು ತಿಂದ ಬಾಗಿಲು, ಮೂರೇ ಕಾಲಿನ ನನ್ನ ಹಳೆಯ ಮೇಜು. ಬಗ್ಗಿ ನೋಡಿದರೆ, ಅರ್ಧ ತೆರೆದ ಡ್ರಾವರಿನಲ್ಲಿ ಗೂಡು, ಗೂಡಿನಲ್ಲಿ ಮೂರು ಮರಿ! ಕಣ್ಣು ಇನ್ನೂ ಬಿಟ್ಟಿರಲಿಲ್ಲ, ಬಾಯಿ ಮಾತ್ರ ಬಿಟ್ಟೇ ಇದ್ದವು. ವಕೀಲಿಯ ಮೊದಲ ದಿನಗಳಲ್ಲಿ ಆ ಮೇಜಿನ ಹತ್ತಿರ ಒಬ್ಬ ಕಕ್ಷಿದಾರನೂ ಸುಳಿದಿರಲಿಲ್ಲ. ಈಗ ಒಮ್ಮೆಗೇ ಮೂವರು.

ಕುಣಿಯುತ್ತ ಹೋಗಿ ಹೇಳಿದರೆ ಸುಧಾ ಹಣೆ ಚಚ್ಚಿಕೊಂಡಳು. "ಅಯ್ಯ, ಅದನ್ನೆಲ್ಲಾ ಕಾಮಣ್ಣಗ ಕೊಡ್ತೇನಿ ಅಂತ ನಮ್ಮ ಓಣಿ ಮಂಜುನಾಥಗ ಹೇಳಿಬಿಟ್ಟೇನ್ರಿ. ನಾಳೆ ಬರ್ತಾರ." ಹೋಳಿ ಹುಣ್ಣಿಮೆ! ಕಾಮನನ್ನು ಸುಡಲು ಓಣಿಯವರು ಕಟ್ಟಿಗೆಯನ್ನು ಕೊಟ್ಟರೆ ಕೇಳಿ ಒಯ್ಯುತ್ತಾರೆ, ಕೊಡದಿದ್ದರೆ ಕದ್ದು ಒಯ್ಯುತ್ತಾರೆ. ಕಾಮಣ್ಣನಿಗೆಂದು ಕದ್ದದ್ದು ನಮ್ಮಲ್ಲಿ ಕಳವಲ್ಲ. ಅದಕ್ಕೆ ಕಾನೂನಿನ ಯಾವ ಕಲಮೂ ತಾಗುವುದಿಲ್ಲ. ಚಿಕ್ಕಂದಿನಲ್ಲಿ ನಾನೂ ಮಾಸ್ತರರ ಮನೆಯ ಏಣಿ ಎತ್ತಿದವನೇ. ಆಗ ಮಾಸ್ತರರು ಮಾಳಿಗೆಯ ಮೇಲಿದ್ದರು.

ಮರುದಿನ ಕೋರ್ಟಿಗೆ ಚಕ್ಕರ್ ಹೊಡೆದೆ. ನಡುಮನೆಯ ಸಾಗವಾನಿ ಆರಾಮಕುರ್ಚಿಯನ್ನು ಹೊತ್ತು ತಂದು ಮೇಜಿನ ಪಕ್ಕ ಹಾಕಿ ಕಾವಲು ಕೂತೆ. ಆ ಕುರ್ಚಿಯೆಂದರೆ ನನಗೆ ಪ್ರಾಣ. ನನ್ನ ಬೆನ್ನಿನ ಕಷ್ಟಸುಖ ಅದಕ್ಕೆ ಗೊತ್ತಿದ್ದಷ್ಟು ಡಾಕ್ಟರಿಗೂ ಗೊತ್ತಿಲ್ಲ. ಮಧ್ಯಾಹ್ನ ಮಂಜುನಾಥ ಗೆಳೆಯರ ದಂಡಿನೊಂದಿಗೆ ಬಂದ. ಟಂಟಂ ಆಟೋ ಓಡಿಸುವವನು, ತಡೆಯಾಜ್ಞೆಗೆ ಬಗ್ಗುವ ಪೈಕಿಯಲ್ಲ. "ಅಕ್ಕಾರು ಕೊಟ್ಟಾರ್ರಿ ವಕೀಲ್ರ, ಸ್ವಲ್ಪ ಆ ಕಡೆ ಸರೀರಿ," ಎಂದ.

ನಾನು ಡ್ರಾವರು ತೋರಿಸಿದೆ. ಬಗ್ಗಿ ನೋಡಿದವನ ಮುಖ ಮೆತ್ತಗಾಯಿತು. "ಅಯ್ಯಯ್ಯ, ಮರಿ ಅದಾವಲ್ರಿ! ಇದನ್ನ ಸುಟ್ರ ಕಾಮಣ್ಣ ಮೆಚ್ತಾನೇನ್ರಿ? ಬ್ಯಾಡ ಬಿಡ್ರಿ. ಆದ್ರ ಕಟಗಿಗೆ ಅಂತ ಬಂದು ಬರಿಗೈಲೆ ಹೋಗಬಾರದ್ರಿ."

ನನಗೋ ದಾವೆ ಗೆದ್ದ ಹುರುಪು. "ಈ ಮೇಜೊಂದು ಬಿಟ್ಟು ಹಿತ್ತಲದಾಗ ಏನ್ ಬೇಕಾದ್ರೂ ಒಯ್ರೆಪಾ!" ಎಂದು ಕೂಗಿ ಹೇಳಿ, ಸುಧಾಳಿಗೆ ಸುದ್ದಿ ಮುಟ್ಟಿಸಲು ಒಳಗೆ ಓಡಿದೆ. ಮೊಣಕಾಲು ಇರುವುದೇ ಮರೆತುಹೋಗಿತ್ತು.

ಚಹಾ ಹಿಡಿದು ಹೊರಗೆ ಬಂದಾಗ ಹೊರಸು ಇರಲಿಲ್ಲ, ಬಾಗಿಲು ಇರಲಿಲ್ಲ. ಮೇಜು ಇತ್ತು, ಮೇಲೆ ಬಾಲವೆತ್ತಿದ ಸಾಹೇಬರೂ ಇದ್ದರು. ನನ್ನ ಕುರ್ಚಿ ಇರಲಿಲ್ಲ. ಕಾಮಣ್ಣನ ಪಾಲಾದದ್ದನ್ನು ಮರಳಿ ಕೇಳುವಂತಿಲ್ಲ. ಮೇಲಾಗಿ, ನಾಲ್ಕು ಜನರ ಮುಂದೆ ಒಪ್ಪಿಗೆ ಕೊಟ್ಟ ವಕೀಲ ನಾನೇ.

ಸಂಜೆ ಓಣಿಯಲ್ಲಿ ಕಾಮನಿಗೆ ಬೆಂಕಿ ಇಟ್ಟರು. ರಾಶಿಯ ತುದಿಯಲ್ಲಿ ನನ್ನ ಕುರ್ಚಿ ಎರಡೂ ಕೈ ಚಾಚಿಕೊಂಡು ಕೂತಿತ್ತು. ಕಾಮ ಸತ್ತನೆಂದು ಬಾಯಿ ಬಡಿದುಕೊಂಡು ಲಬೋ ಲಬೋ ಹೊಯ್ಕೊಳ್ಳುವುದು ನಮ್ಮ ಕಡೆಯ ಶಾಸ್ತ್ರ. ಎಲ್ಲರೂ ನಗುತ್ತ ಹೊಯ್ಕೊಂಡರು. ನಾನೂ ಹೊಯ್ಕೊಂಡೆ.

ಮಂಜುನಾಥ ಬಂದು ನನ್ನ ಕೈ ಹಿಡಿದುಕೊಂಡ. "ಏನ್ ಹೊಯ್ಕೊಂಡ್ರಿ ವಕೀಲ್ರ! ಖರೇನ ಯಾರೋ ಮನಿಯವರು ಸತ್ತಂಗ ಇತ್ತು ನೋಡ್ರಿ."