ಕಪ್ಪು ಪ್ಲಸ್ ಹಿಡಿದು ಎಳೆದರೆ

ಸಮಯ ಉಳಿಸುವ ಉಪಾಯಗಳು ಹೆಚ್ಚಾದಷ್ಟೂ ನಮ್ಮ ಆಫೀಸಿನಲ್ಲಿ ಸಮಯ ಕಡಿಮೆಯಾಗುತ್ತ ಬಂದದ್ದು ಹೇಗೆಂದು ನಾನು ಇವತ್ತಿಗೂ ಯೋಚಿಸುತ್ತೇನೆ. ಇಂಥ ಪ್ರಸಂಗಗಳು ಎಲ್ಲ ಆಫೀಸಿನಲ್ಲೂ ನಡೆಯುತ್ತಿರುತ್ತವೆ. ನಮ್ಮಲ್ಲಿ ಸ್ವಲ್ಪ ಜಾಸ್ತಿ, ಯಾಕೆಂದರೆ ಉಪಾಯ ಕಲಿಸುವವಳು ನಾನು.

ನಾನು ಕೇಣಿಯ ಒಂದು ಮೀನುಗಾರರ ಸಂಘದಲ್ಲಿ ಗುಮಾಸ್ತೆ. ಮನೆ ಸದಾಶಿವಗಡ. ದಿನಾ ಎರಡು ಬಸ್ಸು, ಒಂದು ರಿಕ್ಷಾ. ಕಾರವಾರದಲ್ಲಿ ಆರು ತಿಂಗಳು ಕಂಪ್ಯೂಟರ್ ಕ್ಲಾಸಿಗೆ ಹೋಗಿ ಎಕ್ಸೆಲ್ಲಿನ ಒಳದಾರಿಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದವಳು. ಕಂಟ್ರೋಲ್ ಸಿ, ಕಂಟ್ರೋಲ್ ವಿ ಗೊತ್ತಿಲ್ಲದೆ ಮೌಸ್ ಹಿಡಿದು ಒದ್ದಾಡುವವರನ್ನು ಕಂಡರೆ ಆಗ ನನಗೆ ಕನಿಕರ ಬರುತ್ತಿತ್ತು. ಕಲಿಸುವ ಹೆಂಗಸಿಗೆ ನಮ್ಮ ಕಡೆ 'ಅಕ್ಕೋರು' ಎನ್ನುತ್ತಾರೆ. ಕೇಣಿಯವರಿಗೆ ನಾನು ಬಂದ ವಾರದಲ್ಲೇ ಅಕ್ಕೋರಾದೆ. ಕಲಿತದ್ದು ಯಾರು ಎಂಬುದು ಬೇರೆ ಮಾತು.

ಮೂರು ದಿನ, ಮೂರು ತಲೆಮಾರು

ಸಂಘದ ಕಾರ್ಯದರ್ಶಿಗಳಿಗೆ ಅರವತ್ತರ ಹತ್ತಿರ. ಮೊದಲು ಅವರಿಗೆ ಕಲಿಸಿದ್ದು ಎಳೆಯುವುದನ್ನು. ಒಂದು ಚೌಕದಲ್ಲಿ ಬರೆದದ್ದನ್ನೇ ಕೆಳಗಿನ ನೂರು ಚೌಕಗಳಲ್ಲಿ ಮತ್ತೆ ಬರೆಯುತ್ತ ಕೂರಬೇಕಿಲ್ಲ. ಚೌಕದ ಬಲಗಡೆ ಕೆಳಮೂಲೆಗೆ ಬಾಣ ಒಯ್ದರೆ ಅದು ಕಪ್ಪು ಪ್ಲಸ್ ಆಗುತ್ತದೆ. ಅದನ್ನು ಹಿಡಿದು ಕೆಳಗೆ ಎಳೆದರೆ ಮುಗಿಯಿತು. ಕಾರ್ಯದರ್ಶಿಗಳು 'ಕೇಣಿ' ಎಂದು ಬರೆದು ಎಳೆದರು. ಪುಟದ ತುಂಬ ಕೇಣಿ, ಕೇಣಿ, ಕೇಣಿ. ಅವರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಎಳೆದರು.

ಅಲ್ಲಿಂದ ಅವರು ಎಳೆಯದ ವಸ್ತುವಿಲ್ಲ. ಸದಸ್ಯರ ಜನ್ಮದಿನಾಂಕ ತುಂಬಿಸಬೇಕಿತ್ತು. ನಮ್ಮ ಹಿರಿಯರಲ್ಲಿ ಹೆಚ್ಚಿನವರಿಗೆ ಹುಟ್ಟಿದ ದಿನ ಗೊತ್ತಿಲ್ಲ. ಶಾಲೆಗೆ ಸೇರಿಸುವಾಗ ಮಾಸ್ತರರು ಜೂನ್ ಒಂದು ಎಂದು ಬರೆದುಬಿಟ್ಟಿದ್ದಾರೆ. ಕಾರ್ಯದರ್ಶಿಗಳು ಮೊದಲ ಸಾಲಿನಲ್ಲಿ ಜೂನ್ ಒಂದು ಹಾಕಿ, ಉಳಿದದ್ದು ಆಮೇಲೆ ತಿದ್ದಿದರಾಯಿತೆಂದು ಪಟ್ಟಿಯ ತುದಿಯವರೆಗೆ ಎಳೆದರು. ದಿನಾಂಕವನ್ನು ಎಳೆದರೆ ಅದು ಸಾಲಿಗೊಂದು ದಿನ ಮುಂದೆ ಹೋಗುತ್ತದೆ ಎಂಬುದನ್ನು ನಾನು ಹೇಳಿರಲಿಲ್ಲ. ಪಟ್ಟಿ ಅಚ್ಚಾಗಿ ಗೋಡೆಗೆ ಅಂಟಿತು.

ಮರುದಿನ ನಾಗಪ್ಪಜ್ಜ ಬಂದ. ಕೇಣಿಯಲ್ಲಿ ಇನ್ನೂ ಬೋಟಿಗೆ ಹೋಗುತ್ತಿದ್ದವರಲ್ಲಿ ಅವನೇ ಎಲ್ಲರಿಗಿಂತ ಹಿರಿಯ.

"ಅಕ್ಕೋರೆ, ನಾ ಹುಟ್ಟಿದ್ದು ಜೂನ್ ಒಂಬತ್ತಕ್ಕೆ. ಮಗ ಗಣಪತಿ ಹತ್ತಕ್ಕೆ. ಮೊಮ್ಮಗ ಹನ್ನೊಂದಕ್ಕೆ. ವರ್ಷ ಒಂದೇ," ಎಂದ.

"ತಪ್ಪಾಗಿದೆ ಅಜ್ಜ, ತಿದ್ದುತ್ತೇನೆ."

"ತಿದ್ದಿ, ಅವಸರ ಇಲ್ಲ. ಬಾಣಂತನ ಮಾಡಿದವಳು ಯಾರು ಅಂತ ಮಾತ್ರ ಹೇಳಿ. ಪಾಪ, ಸುಸ್ತಾಗಿರ್ತಾಳೆ."

ಅವನಿಗೆ ಕಪ್ಪು ಪ್ಲಸ್ ತೋರಿಸಿ ತಪ್ಪು ಹೇಗಾಯಿತೆಂದು ವಿವರಿಸಿದೆ. ಅಜ್ಜ ಪಕ್ಕದಲ್ಲಿ ಕುಳಿತು, ಹಗ್ಗ ಹಿಡಿದು ದಪ್ಪಗಾದ ಬೆರಳಿನಲ್ಲಿ ತಾನೂ ಒಮ್ಮೆ ಎಳೆದು ನೋಡಿದ. "ಬಲೆ ಎಳೆದ ಹಾಗೇ ಅದೆ. ಆದ್ರೆ ಬಲೇಲಿ ನಾವು ಹಾಕದೇ ಇದ್ದದ್ದು ಬರ್ತದೆ, ಇದ್ರಲ್ಲಿ ಹಾಕಿದ್ದೇ ಬರ್ತದೆ. ಇದೆಂತಾ ಕೆಲಸ?" ಎಂದು ಎದ್ದು ಹೋದ.

ಲಾಳಿಕೆ ಒತ್ತಿದ ದಿನ

ಎಕ್ಸೆಲ್ಲಿನಲ್ಲಿ ಡೀಸೆಲ್ ಸುರಿಯುವ ಲಾಳಿಕೆಯಂಥ ಒಂದು ಚಿತ್ರವಿದೆ. ಅದನ್ನು ಒತ್ತಿ ಬೇಕಾದದ್ದನ್ನು ಆರಿಸಿದರೆ ಬೇಡದ ಸಾಲುಗಳು ಮರೆಯಾಗುತ್ತವೆ. ಮರೆಯಾಗುತ್ತವೆ ಅಷ್ಟೆ, ಹೋಗುವುದಿಲ್ಲ. ಒಂದು ಸಂಜೆ ನಾನು ಲೈಫ್ ಜಾಕೆಟ್ ಹರಿದವರ ಹನ್ನೊಂದು ಹೆಸರು ಆರಿಸಿ ಬರೆದುಕೊಂಡು, ಲಾಳಿಕೆ ತೆಗೆಯಲು ಮರೆತು ಬಸ್ಸಿಗೆ ಓಡಿದೆ.

ಮರುದಿನ ನನ್ನ ಬಸ್ಸು ತಡ. ಕಾರ್ಯದರ್ಶಿಗಳು ಕಂಪ್ಯೂಟರ್ ತೆರೆದರೆ ಸಂಘದಲ್ಲಿ ಹನ್ನೊಂದೇ ಜನ. ಹಿಂದಿನ ವಾರದ ಸಭೆಯಲ್ಲಿ ಐಸಿನ ವಿಷಯಕ್ಕೆ ಸ್ವಲ್ಪ ಜಗಳವಾಗಿತ್ತು. ಎಲ್ಲರೂ ಸಿಟ್ಟಿನಿಂದ ಬಿಟ್ಟುಹೋದರೆಂದೇ ತಿಳಿದು ಅವರು ಸ್ಕೂಟರ್ ಹತ್ತಿದರು. ನಾನು ತಲುಪಿದಾಗ ಬಾಗಿಲು ತೆರೆದಿತ್ತು, ಫ್ಯಾನು ತಿರುಗುತ್ತಿತ್ತು, ಒಳಗೆ ಯಾರೂ ಇರಲಿಲ್ಲ.

ಮಧ್ಯಾಹ್ನ ಒಂದಕ್ಕೆ ಬಂದರು. ಎಂಟು ಮನೆ, ಎಂಟು ಚಾ. ಪ್ರತಿ ಮನೆಯಲ್ಲೂ "ನನ್ನಿಂದ ಏನಾದ್ರೂ ತಪ್ಪಾಯ್ತಾ?" ಎಂದು ಕೇಳಿದ್ದರಂತೆ. ಯಾರಿಗೂ ಸಿಟ್ಟಿರಲಿಲ್ಲ. ಆದರೆ ಕಾರ್ಯದರ್ಶಿಯೇ ಮನೆಗೆ ಬಂದು ಕೇಳಿದ ಮೇಲೆ ಹೇಳದಿರುವುದು ಹೇಗೆಂದು, ನೆನಪು ಮಾಡಿಕೊಂಡು ಒಂದೊಂದು ತಕರಾರು ಹೇಳಿದ್ದರು. ಎಲ್ಲವನ್ನೂ ಅವರು ಅಂಗೈ ಮೇಲೆ ಬರೆದುಕೊಂಡು ಬಂದಿದ್ದರು.

ನಾನು ಒಮ್ಮೆ ಒತ್ತಿದೆ. ಎಲ್ಲ ಸದಸ್ಯರೂ ವಾಪಸ್ ಬಂದರು. ಕಾರ್ಯದರ್ಶಿಗಳು ಪರದೆಯನ್ನೊಮ್ಮೆ, ತಮ್ಮ ಅಂಗೈಯನ್ನೊಮ್ಮೆ ನೋಡಿ ಊಟಕ್ಕೆ ಹೋದರು. ಬೈಗುಳಕ್ಕೆ ತಯಾರಾಗಿದ್ದ ನನಗೆ ನಾಚಿಕೆಯಾಯಿತು.

ಮುಂದಿನ ವರ್ಷದ ಸಭೆಗೆ ವಾರವಿರುವಾಗ ಅವರೇ ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಅಕ್ಕೋರೆ, ಆ ಲಾಳಿಕೆ ಒಂದ್ಸಲ ಒತ್ತಿಬಿಡಿ. ಮನೆಮನೆಗೆ ಹೋಗೂಕೆ ಒಂದು ನೆವ ಬೇಕು."

ಎರಡು ಸೆಕೆಂಡು

ಇದು ನನ್ನದೇ ತಪ್ಪು, ಯಾರ ಮೇಲೂ ಹಾಕುವ ಹಾಗಿಲ್ಲ.

ಮಳೆಗಾಲದಲ್ಲಿ ಎರಡು ತಿಂಗಳು ಬೋಟುಗಳು ಕಡಲಿಗಿಳಿಯುವುದಿಲ್ಲ. ಆಗಸ್ಟ್ ಒಂದಕ್ಕೆ ಮತ್ತೆ ಹೊರಡುವ ಮೊದಲು ಯಾರ್ಯಾರು ಹೋಗುತ್ತಾರೆಂಬ ಪಟ್ಟಿಯನ್ನು ಇಲಾಖೆಗೆ ಕೊಡಬೇಕು. ಪಟ್ಟಿಯಲ್ಲಿ ಹೆಸರಿಲ್ಲದವನು ಬೋಟು ಹತ್ತುವಂತಿಲ್ಲ. ನಾನು ಬೇರೆ ಪ್ರತಿ ಇಟ್ಟುಕೊಳ್ಳದೆ ಹಳೆಯ ಪಟ್ಟಿ, ಹೊಸ ಪಟ್ಟಿ ಎರಡನ್ನೂ ಸೇರಿಸಿದೆ. ಸುಮಾರು ಜನರ ಹೆಸರು ಎರಡೆರಡು ಸಲ ಬಂತು. ಎರಡು ಸಲ ಬಂದದ್ದರಲ್ಲಿ ಒಂದನ್ನು ಉಳಿಸಿ ಇನ್ನೊಂದನ್ನು ಅಳಿಸಲು ಒಂದು ಗುಂಡಿಯಿದೆ. ಹೆಸರು, ತಂದೆಯ ಹೆಸರು ಎರಡೂ ಒಂದೇ ಇದ್ದರೆ ಅಳಿಸು ಎಂದು ಗುರುತು ಹಾಕಿ ಒತ್ತಿದೆ. ಎರಡೇ ಸೆಕೆಂಡು. ಫೈಲ್ ಉಳಿಸಿ, ಇಲಾಖೆಗೆ ಕಳಿಸಿ, ಮುಚ್ಚಿ, ಅಚ್ಚಾದ ಒಂದು ಪ್ರತಿಯನ್ನು ಗೋಡೆಗೆ ಅಂಟಿಸಿ, ಅವತ್ತು ಒಂದು ಚಾ ಹೆಚ್ಚಿಗೆ ಕುಡಿದೆ.

ನಾನು ಮರೆತದ್ದು ಇಷ್ಟೆ. ನಮ್ಮ ಕಡೆ ಹಿರಿಯ ಮೊಮ್ಮಗನಿಗೆ ಅಜ್ಜನ ಹೆಸರು. ನಾಗಪ್ಪಜ್ಜನ ತಂದೆ ಗಣಪತಿ. ಅಜ್ಜನ ಮಗನೂ ಗಣಪತಿ, ಆ ಗಣಪತಿಯ ಮಗ ಮತ್ತೆ ನಾಗಪ್ಪ. ಹಾಗಾಗಿ ಅಜ್ಜನೂ ಮೊಮ್ಮಗನೂ ಇಬ್ಬರೂ 'ನಾಗಪ್ಪ, ತಂದೆ ಗಣಪತಿ'. ಊರಿಗೆಲ್ಲ ಮನೆತನದ ಹೆಸರೂ ಒಂದೇ. ನಮ್ಮ ಮನೆಯಲ್ಲೇ ನನ್ನ ಅಣ್ಣನಿಗೆ ಅಜ್ಜನ ಹೆಸರಿದೆ. ಹುಟ್ಟಿದಾಗಿನಿಂದ ಕಂಡದ್ದು, ಗುಂಡಿ ಒತ್ತುವಾಗ ಮಾತ್ರ ನೆನಪಾಗಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ನಾಗಪ್ಪರು ಒಟ್ಟಿಗೆ ಬಂದು ನಿಂತರು. ಮೊಮ್ಮಗನಿಗೆ ಮೂವತ್ತರ ಹತ್ತಿರ, ಮಾತು ಕಡಿಮೆ. ಮಾತಾಡಿದ್ದು ಅಜ್ಜ.

"ಪಟ್ಟೀಲಿ ಒಬ್ಬನೇ ನಾಗಪ್ಪ ಅದಾನೆ ಅಂತೆ. ಇಬ್ಬರಲ್ಲಿ ಹೋದದ್ದು ಯಾರು ಹೇಳಿ ಅಕ್ಕೋರೆ. ಸೂತಕ ಯಾರು ಹಿಡೀಬೇಕು ಅಂತ ಮನೇಲಿ ಕೇಳ್ತಾ ಇದ್ದಾರೆ."

ಒಣ ಸೀಗಡಿ

ಹೋದದ್ದು ಅಜ್ಜ. ಈ ಪಟ್ಟಿಯಲ್ಲಿ ಮೊಮ್ಮಗನ ಸಾಲು ಮೇಲಿದ್ದುದರಿಂದ ಅವನು ಉಳಿದಿದ್ದ. ಅಂಥವರು ಇನ್ನೂ ಹಲವರಿದ್ದರು. ಕಂಟ್ರೋಲ್ ಝಡ್ ಒತ್ತಿದರೆ ಮಾಡಿದ್ದೆಲ್ಲ ಹಿಂದಕ್ಕೆ ಬರುತ್ತದೆ ಎಂದು ಊರಿಗೆಲ್ಲ ಕಲಿಸಿದವಳು ನಾನು. ಫೈಲ್ ಮುಚ್ಚಿದ ಮೇಲೆ ಅದು ಕೆಲಸ ಮಾಡುವುದಿಲ್ಲ. ಆ ಗುಂಡಿಯನ್ನು ಅವತ್ತು ಸುಮ್ಮನೆ ಎಷ್ಟು ಸಲ ಒತ್ತಿದೆನೋ. ಸರಿಪಡಿಸಿದ ಪಟ್ಟಿಯನ್ನು ಮರುದಿನ ಸಂಜೆಯೊಳಗೆ ಕೊಡಿ ಎಂದು ಇಲಾಖೆಯವರು ಫೋನಿನಲ್ಲಿ ಒಪ್ಪಿದರು.

ಮಧ್ಯಾಹ್ನ ಅಜ್ಜನ ಸೊಸೆ ಹಿಂಬಾಗಿಲಿನಿಂದ ಬಂದಳು. ಕೈಯಲ್ಲಿ ಒಣ ಸೀಗಡಿಯ ಪೊಟ್ಟಣ.

"ಅಕ್ಕೋರೆ, ಮಾವನ ಹೆಸರು ಹೋದದ್ದು ಹೋಗ್ಲಿ. ಮತ್ತೆ ಹಾಕ್ಬೇಡಿ. ಎಪ್ಪತ್ತೆರಡಾಯ್ತು, ಒಂದು ಕಣ್ಣು ಮಬ್ಬು. ನಾವು ಹೇಳಿದ್ರೆ ಕೇಳೂದಿಲ್ಲ. ಕಂಪ್ಯೂಟರೇ ತೆಗೀತು ಅಂದ್ರೆ ಸುಮ್ನಾಗ್ತಾರೆ."

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಬೋಟು ತಡವಾದ ದಿನ ದಡದಲ್ಲಿ ನಿಲ್ಲುವವಳು ಅವಳು, ನಾನಲ್ಲ. ಒಂದು ಕ್ಷಣ ಹೂಂ ಎನ್ನಬೇಕೆನ್ನಿಸಿತು. ಆದರೆ ಮುಂಬಾಗಿಲ ಬೆಂಚಿನ ಮೇಲೆ ಅಜ್ಜ ಬೆಳಿಗ್ಗೆಯಿಂದ ಚಪ್ಪಲಿ ಬಿಟ್ಟು ಕುಳಿತಿದ್ದ. ಐವತ್ತು ವರ್ಷ ಕಡಲಿಗೆ ಹೋದವನನ್ನು ಎರಡು ಸೆಕೆಂಡಿನ ತಪ್ಪು ದಡಕ್ಕೆ ಹಾಕಬಾರದು ಎಂದು ನನಗೆ ಅನ್ನಿಸಿತು.

"ಅವರನ್ನು ನಿಲ್ಲಿಸೂದು ನಿಮ್ಮ ಮನೆ ವಿಷಯ ಅಕ್ಕ. ಮನೇಲೇ ಹೇಳಿ ನಿಲ್ಲಿಸಿ. ನನ್ನ ಗುಂಡಿಯಿಂದ ಆಗೂದು ಬೇಡ," ಎಂದೆ.

ಅವಳು ಸೀಗಡಿಯ ಪೊಟ್ಟಣ ತೆಗೆದುಕೊಂಡು ಬಂದ ದಾರಿಯಲ್ಲೇ ಹೋದಳು. ನ್ಯಾಯವಾಗಿ ನಡೆದುಕೊಂಡೆನೆಂದು ನನಗೆ ಹೆಮ್ಮೆಯಾಗಬೇಕಿತ್ತು. ನಿಜ ಹೇಳುತ್ತೇನೆ, ಸಂಜೆಯವರೆಗೂ ಸೀಗಡಿಯದೇ ಯೋಚನೆ.

ಕರೆಯುವ ಹೆಸರು

ಅಳಿಸಿಹೋದವರನ್ನು ಹುಡುಕಿಕೊಟ್ಟದ್ದು ಕಾರ್ಯದರ್ಶಿಗಳ ಹಳೆಯ ನೋಟ್‌ಬುಕ್ಕು. ನಾನು ಬಂದ ಹೊಸತರಲ್ಲಿ ಅದನ್ನು ನಕ್ಕು ಕಪಾಟಿನ ಮೇಲೆ ಹಾಕಿದ್ದೆ. ಅದರಲ್ಲಿ ಪ್ರತಿ ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ಊರವರು ಕರೆಯುವ ಹೆಸರೂ ಇತ್ತು. ಹತ್ತು ಗಣಪತಿಗಳಿದ್ದರೂ ಗೊಂದಲವಿಲ್ಲ. ಒಬ್ಬ ರೇಡಿಯೊ, ಒಬ್ಬ ಕೊಡೆ, ಒಬ್ಬ ಅರ್ಧ ಚಾ. ನಾನು ಪಟ್ಟಿಗೆ 'ಕರೆಯುವ ಹೆಸರು' ಎಂದು ಹೊಸ ಕಾಲಮ್ ಸೇರಿಸಿದೆ.

ಹೊಸದಾಗಿ ಸೇರಿದವರದು ಮಾತ್ರ ನೋಟ್‌ಬುಕ್ಕಿನಲ್ಲಿರಲಿಲ್ಲ. ಮರುದಿನ ಅವರನ್ನು ಸಂಘಕ್ಕೆ ಕರೆಸಿ ಒಬ್ಬೊಬ್ಬರನ್ನೇ ಕೇಳಿದೆ. "ನಂಗೆ ಅಂಥದ್ದು ಎಂತದೂ ಇಲ್ಲ ಅಕ್ಕೋರೆ" ಎಂಬುದೇ ಎಲ್ಲರ ಉತ್ತರ. ಹೀಗಾದರೆ ಸಂಜೆಯೊಳಗೆ ಮುಗಿಯುವುದಿಲ್ಲ ಎಂದು ಕಾರ್ಯದರ್ಶಿಗಳು ಮುಂದೆ ಬಂದು, ಪ್ರತಿಯೊಬ್ಬನ ಹತ್ತಿರವೂ ಅವನ ಪಕ್ಕದಲ್ಲಿ ನಿಂತವನನ್ನು ಕರೆಯುವ ಹೆಸರು ಕೇಳಿದರು. ಹತ್ತು ನಿಮಿಷದಲ್ಲಿ ಕಾಲಮ್ ತುಂಬಿತು. ಕಾರವಾರದ ಕ್ಲಾಸಿನಲ್ಲಿ ಈ ಒಳದಾರಿಯನ್ನು ಕಲಿಸಿರಲಿಲ್ಲ.

ನಾಗಪ್ಪಜ್ಜನ ಪಕ್ಕ ನೋಟ್‌ಬುಕ್ಕಿನಲ್ಲಿ 'ಕಡೇಸಲ' ಎಂದಿತ್ತು. ಯಾಕೆಂದು ಕೇಳಲು ಸಮಯವಿರಲಿಲ್ಲ, ಹಾಗೇ ಹಾಕಿದೆ.

ಕಡೇಸಲ

ಆಗಸ್ಟ್ ಒಂದರ ಬೆಳಿಗ್ಗೆ ಎಲ್ಲರೂ ಬೋಟುಗಳ ಹತ್ತಿರ ಸೇರಿದ್ದರು. ಇಲಾಖೆಯ ಅಧಿಕಾರಿ ಪಟ್ಟಿ ಹಿಡಿದು ಹೆಸರು ಕೂಗುತ್ತ ಗುರುತು ಹಾಕುತ್ತಿದ್ದರು. ಅಜ್ಜನ ಮನೆಯಲ್ಲಿ ಒಂದು ಒಪ್ಪಂದವಾಗಿತ್ತಂತೆ. ಬೆಳಿಗ್ಗೆ ಹೋಗಿ ಸಂಜೆ ಬರುವ ಬೋಟಿಗೆ ಮಾತ್ರ, ಮೊಮ್ಮಗನ ಜೊತೆಗೆ ಮಾತ್ರ, ಬಲೆ ಮುಟ್ಟುವಂತಿಲ್ಲ. ಸೊಸೆ ಗಂಜಿಯ ಡಬ್ಬಿ ಹಿಡಿದು ನಿಂತಿದ್ದಳು. ನನ್ನ ಕಡೆ ನೋಡಲಿಲ್ಲ.

"ನಾಗಪ್ಪ, ತಂದೆ ಗಣಪತಿ," ಎಂದರು ಅಧಿಕಾರಿ. ಮೊಮ್ಮಗ ಕೈಯೆತ್ತಿದ. ಅವರು ಗುರುತು ಹಾಕಿ ಕೆಳಗಿನ ಸಾಲಿಗೆ ಬಂದು, "ಇದು ಎರಡು ಸಲ ಬಂದಿದೆಯಲ್ಲ" ಎಂದು ಹೊಡೆದುಹಾಕಲು ಪೆನ್ನು ಇಟ್ಟರು.

"ಸರ್, ಕೊನೆಯ ಕಾಲಮ್ ನೋಡಿ. ಅವರು ಅಜ್ಜ, ಇವರು ಮೊಮ್ಮಗ," ಎಂದೆ.

ಅಧಿಕಾರಿ ಕನ್ನಡಕ ಏರಿಸಿಕೊಂಡು ಓದಿದರು. "ಕಡೇಸಲ? ಇದೆಂಥ ಹೆಸರು?"

ಬೋಟಿನ ಮೇಲಿದ್ದವರೆಲ್ಲ ಒಟ್ಟಿಗೆ ಉತ್ತರ ಕೊಟ್ಟರು. ಪ್ರತಿ ವರ್ಷ ಇದೇ ದಿನ, ಇದೇ ಜಾಗದಲ್ಲಿ ನಿಂತು ಅಜ್ಜ "ಇದೇ ನಂದು ಕಡೇ ಸಲ" ಎಂದು ಹೇಳಿ ಬೋಟು ಹತ್ತುತ್ತಾನಂತೆ.

"ಎಷ್ಟು ವರ್ಷದಿಂದ?"

ಎಂದೂ ಬಾಯಿ ಬಿಡದ ಮೊಮ್ಮಗ ಹೇಳಿದ: "ನಾ ಕನ್ನಡ ಶಾಲೆಗೆ ಹೋಗ್ತಿದ್ದಾಗಿಂದ, ಸಾಹೇಬ್ರೆ."

ಅಧಿಕಾರಿಯೂ ನಕ್ಕರು. ನಗದೇ ಇದ್ದವಳು ಸೊಸೆ ಒಬ್ಬಳೇ. ಅವಳು ಮುಂದೆ ಬಂದು ಮಾವನ ಎದುರು ನಿಂತಳು. "ಇವತ್ತು ಎಲ್ಲರ ಎದುರಿಗೆ ಹೇಳಿ. ಇದೇ ಕಡೇದು ಅಂತ ಅಕ್ಕೋರು ಕಂಪ್ಯೂಟರಲ್ಲಿ ಬರ್ಕಳ್ಲಿ. ಆಮೇಲೆ ಹತ್ತಿ," ಎಂದಳು.

ಅಜ್ಜ ಕಡಲನ್ನು ನೋಡಿದ, ಸೊಸೆಯನ್ನು ನೋಡಿದ. ಅವಳ ಕೈಯಿಂದ ಗಂಜಿ ಡಬ್ಬಿ ತೆಗೆದುಕೊಂಡ.

"ಆಯ್ತು ಮಗಾ. ಬರೀರಿ ಅಕ್ಕೋರೆ, ಇದೇ ಕಡೇ ಸಲ," ಎಂದ.

ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಮುಖ ಆಚೆ ತಿರುಗಿಸಿದೆ. ಅಜ್ಜ ಮೊಮ್ಮಗನ ಹೆಗಲು ಹಿಡಿದು ಬೋಟು ಹತ್ತಿ, ಇಂಜಿನಿನ ಪಕ್ಕ ಸರಿಯಾಗಿ ಕುಳಿತ. ಬೋಟು ದಡ ಬಿಟ್ಟು ನಾಲ್ಕು ಮಾರು ಹೋದ ಮೇಲೆ ನನ್ನನ್ನು ಕೂಗಿದ:

"ಅಕ್ಕೋರೆ, ಬರೆದಾದ್ಮೇಲೆ ಆ ಕಪ್ಪು ಪ್ಲಸ್ ಹಿಡಿದು ಕೆಳಗೆ ಒಂದು ಹತ್ತು ವರ್ಷ ಎಳೆದ್ಬಿಡಿ. ವರ್ಷಾ ವರ್ಷಾ ಬರಿಯೂ ತ್ರಾಸು ನಿಮಗೆ ಎಂತಕ್ಕೆ?"