ನಾನಿಲ್ಲದ ನನ್ನ ಕಾರು

ಸ್ವಂತ ಕಾರು ಇದ್ದವನಿಗೆ ಒಂದು ಭ್ರಮೆ ತಾನಾಗಿಯೇ ಬಂದುಬಿಡುತ್ತದೆ. ಜಗತ್ತಿನ ರಸ್ತೆಗಳೆಲ್ಲ ತನ್ನ ಮನೆಯಿಂದ ಹೊರಟು ತನ್ನ ಮನೆಗೇ ಬಂದು ಮುಟ್ಟುತ್ತವೆ, ನಡುವಿನ ಊರುಗಳು ಇರುವುದು ಉಳಿದವರನ್ನು ಇಳಿಸಿಹೋಗುವುದಕ್ಕೆ ಎಂದು ಅವನು ನಂಬಿರುತ್ತಾನೆ. ನಾನೂ ನಂಬಿದ್ದೆ. ನನ್ನ ಊರು ಕಬ್ಬೂರ. ನಿಪ್ಪಾಣಿಯ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಬೆಳಿಗ್ಗೆ ಕಬ್ಬೂರಿನಿಂದ ಚಿಕ್ಕೋಡಿ, ಅಲ್ಲಿಂದ ನಿಪ್ಪಾಣಿ; ಸಂಜೆ ಅದೇ ದಾರಿ ಹಿಂದಕ್ಕೆ. ಕಾರಿನಲ್ಲಿ ನನ್ನ ಜೊತೆಗೆ ಇನ್ನೂ ಮೂವರು. ಗಣಿತದ ಚೌಗುಲೆ ಸರ್ ಚಿಕ್ಕೋಡಿಯವರು. ಇತಿಹಾಸದ ಮುಲ್ಲಾ ಸರ್ ಸದಲಗಾದವರು, ಗ್ರಂಥಾಲಯದ ಪದ್ಮಾವತಿ ಮೇಡಂ ಏಕಸಂಬಿಯವರು. ಕೊನೆಯ ಇಬ್ಬರು ಬೆಳಿಗ್ಗೆ ಬಸ್ಸು ಹಿಡಿದು ಚಿಕ್ಕೋಡಿಗೆ ಬಂದು ನನ್ನ ಕಾರು ಹತ್ತುತ್ತಿದ್ದರು, ಸಂಜೆ ಚಿಕ್ಕೋಡಿಯಲ್ಲಿ ಇಳಿದು ಮತ್ತೆ ಬಸ್ಸು ಹಿಡಿಯುತ್ತಿದ್ದರು. ನಿಪ್ಪಾಣಿಯಿಂದ ಸದಲಗಾಕ್ಕೆ, ಸದಲಗಾದಿಂದ ಏಕಸಂಬಿಗೆ ಬಸ್ಸು ಅಪರೂಪವಾದ ಒಳದಾರಿ ಇದೆ ಎನ್ನುವುದು ನಮಗೆಲ್ಲ ಗೊತ್ತಿತ್ತು. ಆದರೆ ನನ್ನ ಮನೆ ಆ ದಾರಿಯಲ್ಲಿ ಇರಲಿಲ್ಲವಲ್ಲ.

ಪದ್ಮಾವತಿ ಮೇಡಂ ಜೈನರು. ಹೊತ್ತು ಮುಳುಗಿದ ಮೇಲೆ ಅವರು ಉಣ್ಣುವುದಿಲ್ಲ. ನಮ್ಮ ಸೀಮೆಯಲ್ಲಿ ಇದು ಹೊಸ ಸಂಗತಿಯಲ್ಲ. ಜೈನರ ಮನೆಯ ಲಗ್ನಕ್ಕೆ ಹೋಗಬೇಕಾದರೆ ನಾವೂ ಗಡಿಯಾರಕ್ಕಿಂತ ಹೆಚ್ಚಾಗಿ ಆಕಾಶ ನೋಡಿಕೊಂಡೇ ಹೊರಡುತ್ತೇವೆ. ಆದರೆ ಮೇಡಂ ಈ ಸಲದ ಚಾತುರ್ಮಾಸದಲ್ಲಿ ಮುನಿಗಳ ಮುಂದೆ ಜೀವಮಾನವಿಡೀ ಪಾಲಿಸುವ ಇನ್ನೊಂದು ನಿಯಮ ಹಿಡಿದರು. ಮನೆಯಲ್ಲಿ ಸೋಸಿದ ನೀರಿನಿಂದ ಮಾಡಿದ್ದನ್ನೇ ಉಣ್ಣಬೇಕು, ಅದೂ ಮನೆಯಲ್ಲಿ ಕೂತೇ ಉಣ್ಣಬೇಕು. ಮಳೆಗಾಲದಲ್ಲಿ ಸೂರ್ಯ ತಡವಾಗಿ ಮುಳುಗುತ್ತಿದ್ದರಿಂದ ಎಲ್ಲ ಸರಿಹೋಯಿತು. ದೀಪಾವಳಿ ಮುಗಿಯುತ್ತಲೇ ಹಗಲು ಗಿಡ್ಡವಾಯಿತು. ಅದೇ ಹೊತ್ತಿಗೆ ಸಕ್ಕರೆ ಕಾರ್ಖಾನೆಗಳೂ ಶುರುವಾದವು. ಎರಡೆರಡು ಟ್ರಾಲಿ ಕಬ್ಬು ಎಳೆದುಕೊಂಡು, ಜೋರಾಗಿ ಹಾಡು ಹಚ್ಚಿಕೊಂಡು ಟ್ರ್ಯಾಕ್ಟರುಗಳು ರಸ್ತೆಗಿಳಿದವು. ನಾವು ಚಿಕ್ಕೋಡಿ ಮುಟ್ಟುವಷ್ಟರಲ್ಲಿ ಏಕಸಂಬಿಯ ಬಸ್ಸು ಹೋಗಿರುತ್ತಿತ್ತು, ಇನ್ನೊಂದು ಬರುವಷ್ಟರಲ್ಲಿ ಸೂರ್ಯನೂ ಹೋಗಿರುತ್ತಿದ್ದ.

ಮೊದಮೊದಲು ನಾನು ಇದನ್ನು ಹಗುರವಾಗಿ ತೆಗೆದುಕೊಂಡಿದ್ದೆ. "ಮೇಡಂ, ಕಾರನ್ಯಾಗ ಎರಡು ತುತ್ತು ಬಾಯಾಗ ಹಾಕ್ಕೊಂಡ್ರ ಯಾರ್ ನೋಡ್ತಾರ್ರಿ?" ಎಂದು ಕೇಳಿದ್ದೆ. "ನಾನ ನೋಡ್ತೇನಲ್ರಿ ಸರ್," ಎಂದಿದ್ದರು ಅವರು. ದಾರಿಯಲ್ಲೇ ಹೊತ್ತು ಮುಳುಗಿದ ದಿನ ಅವರು ಕಿಟಕಿಯಾಚೆಗೆ ಒಮ್ಮೆ ನೋಡಿ, "ಇವತ್ತಿಂದು ಆತು," ಎಂದು ಮೆಲ್ಲಗೆ ನಗುತ್ತಿದ್ದರು. ಅವರ ಮನಸ್ಸು ಹಗುರವಾಗಲಿ ಎಂದು ನಾನು ತೆಲಸಂಗದ ನಮ್ಮ ಸೋದರಮಾವ ಬೀಗರ ಮನೆಯೆಂದು ತಿಳಿದು ಯಾರದೋ ಮನೆಗೆ ಹೋಗಿ, ಹೋಳಿಗೆ ಉಂಡು, ಮಧ್ಯಾಹ್ನದ ನಿದ್ದೆಯನ್ನೂ ಮುಗಿಸಿ ಬಂದ ಕತೆ ಹೇಳುತ್ತಿದ್ದೆ. ಆ ಮನೆಯವರು ಯಾಕೆ ಸುಮ್ಮನಿದ್ದರು ಎನ್ನುವುದು ಇನ್ನೊಂದು ದೊಡ್ಡ ಕತೆ. ಅವರಿಗೂ ಒಬ್ಬ ಬೀಗರು ಬರಬೇಕಾಗಿತ್ತು, ಆ ಬೀಗರನ್ನು ಮನೆಯವರೂ ನೋಡಿರಲಿಲ್ಲ. ಇರಲಿ, ಅದನ್ನು ಹೇಳುತ್ತ ಕೂತರೆ ಚಿಕ್ಕೋಡಿ ಬಂದುಬಿಡುತ್ತದೆ.

ಆದರೆ ಒಂದು ದಿನ ಬೆಳಿಗ್ಗೆ ಮೇಡಂ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುತ್ತಲೇ ತಲೆ ತಿರುಗಿ ಬಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ಗುಳಿಗೆ ತೆಗೆದುಕೊಂಡು ರಾತ್ರಿಯಿಡೀ ಉಪವಾಸ ಇರಬಾರದು ಎಂದು ಡಾಕ್ಟರು ಬೈದರಂತೆ. ಮನೆಯಲ್ಲಿ ಗಂಡ, ಅತ್ತೆ ಇಬ್ಬರೂ ನೌಕರಿ ಬಿಟ್ಟುಬಿಡು ಎಂದರಂತೆ. ನಿಯಮ ಬಿಡು ಎಂದು ಯಾರೂ ಹೇಳಲಿಲ್ಲ, ಅದನ್ನು ಹೇಳುವ ಮನೆ ಅಲ್ಲ ಅದು. ಕಾಲೇಜಿನಿಂದ ಬೇಗ ಹೊರಡೋಣವೆಂದರೆ ಹಾಜರಿಗೆ ಹೆಬ್ಬೆರಳು ಒತ್ತುವ ಯಂತ್ರ ಬಿಡುವುದಿಲ್ಲ. "ಸಂಕ್ರಾಂತಿ ತನಕಾ ನೋಡ್ತೇನ್ರಿ. ಆಗಲಿಲ್ಲಂದ್ರ ರಾಜೀನಾಮೆ ಕೊಡ್ತೇನಿ," ಎಂದರು ಮೇಡಂ. ಆ ಗ್ರಂಥಾಲಯದಲ್ಲಿ ಯಾವ ಪುಸ್ತಕ ಎಲ್ಲಿದೆ ಎಂದು ಕೇಳಿದರೆ ಕಪಾಟು ತೋರಿಸದೆ, ಎದ್ದು ಹೋಗಿ, ತಂದು ಕೈಗೆ ಕೊಡುವ ಹೆಂಗಸು. ನನಗೆ ಬಹಳ ಕೆಡುಕೆನಿಸಿತು.

ಆಗ ಚೌಗುಲೆ ಸರ್ ಬಾಯಿ ಬಿಟ್ಟರು. ಅವರು ಅಪರೂಪಕ್ಕೆ ಮಾತಾಡುವ ಮನುಷ್ಯ. "ಇದಕ್ಕ ಒಂದು ಶಾಸ್ತ್ರಾನ ಐತ್ರಿ ಸರ್. ಆಪರೇಷನ್ಸ್ ರಿಸರ್ಚ್ ಅಂತಾರ. ಬಿಬಿಎ ಹುಡುಗರಿಗೆ ನಾನ ಕಲಸ್ತೇನಿ," ಎಂದರು. ಎಷ್ಟು ಗಾಡಿ, ಎಷ್ಟು ಮಂದಿ, ಯಾರು ಎಲ್ಲಿ ಇಳಿಯಬೇಕು, ಎಷ್ಟರೊಳಗೆ ಇಳಿಯಬೇಕು ಎಂದು ಹೇಳಿದರೆ, ಇರುವ ಸಾವಿರ ದಾರಿಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನು ಈ ಗಣಿತ ಆರಿಸಿ ಕೊಡುತ್ತದಂತೆ. ಕಾಗವಾಡದ ಕಡೆಯ ದ್ರಾಕ್ಷಿ ಬಾಡುವುದರೊಳಗೆ ದೂರದ ಪೇಟೆ ಸೇರುವುದು, ಅಥಣಿಯ ಅಡುಗೆಮನೆಯಲ್ಲಿ ಗ್ಯಾಸು ಮುಗಿಯುವ ಹೊತ್ತಿಗೆ ಸಿಲಿಂಡರ್ ಬಂದು ನಿಲ್ಲುವುದು, ರಾಯಬಾಗದ ಅಂಗಡಿಯಲ್ಲಿ ಕಾಶ್ಮೀರದ ಸೇಬು ಕೂತಿರುವುದು, ಇವೆಲ್ಲದರ ಹಿಂದೆ ಇಂಥ ಲೆಕ್ಕ ಇದೆಯಂತೆ.

ಸುಳ್ಳು ಹೇಳುವುದಿಲ್ಲ, ನನ್ನ ಮೈ ಜುಮ್ಮೆಂದಿತು. ಇಷ್ಟು ವರ್ಷ ಅದೇ ರಸ್ತೆಯಲ್ಲಿ ಓಡಾಡಿದ್ದೇನೆ. ಲಾರಿ ಎಂದರೆ ನನಗೆ ಎದುರಿಗೆ ಬರುವ ಉಪದ್ರವವಷ್ಟೇ ಆಗಿತ್ತು. ಆ ಸಂಜೆ ಒಂದೊಂದು ಲಾರಿಯೂ ಯಾವುದೋ ದೊಡ್ಡ ಲೆಕ್ಕದ ಒಂದು ಅಂಕಿಯಾಗಿ ಕಂಡಿತು. ಯಾರೂ ಯಾರನ್ನೂ ಕಂಡಿಲ್ಲ, ಆದರೂ ಒಬ್ಬನ ಹೊಲದಲ್ಲಿ ಬೆಳೆದದ್ದು ಇನ್ನೊಬ್ಬನ ತಾಟಿಗೆ ಬಂದು ಬೀಳುತ್ತದೆ. ರಾತ್ರಿ ಊಟಕ್ಕೆ ಕೂತಾಗ ಉಪ್ಪಿನ ಬಟ್ಟಲು ನೋಡಿದೆ. ಕಬ್ಬೂರಿನ ಸುತ್ತ ಎತ್ತ ಹೋದರೂ ಸಮುದ್ರ ಸಿಗುವುದಿಲ್ಲ. ಈ ಉಪ್ಪು ಎಷ್ಟು ಕೈ ದಾಟಿ, ಎಷ್ಟು ಗಾಡಿ ಹತ್ತಿ ಇಳಿದು, ದಾರಿ ತಪ್ಪದೆ ನನ್ನ ಮನೆ ಹುಡುಕಿಕೊಂಡು ಬಂದಿತು ಎಂದು ಯೋಚಿಸುತ್ತ ಚಮಚೆ ಹಿಡಿದು ಕೂತುಬಿಟ್ಟೆ. ನನ್ನ ಹೆಂಡತಿ ಸ್ವಲ್ಪ ಹೊತ್ತು ನೋಡಿದಳು. "ಪಲ್ಯಾಕ ಉಪ್ಪು ಕಡಿಮಿ ಆಗೇತೇನ್ರಿ, ಬಾಯಿಬಿಟ್ಟ ಹೇಳ್ರಿ. ಹಿಂಗ ಉಪ್ಪಿಗೆ ಧ್ಯಾನ ಮಾಡಬ್ಯಾಡ್ರಿ," ಎಂದಳು.

ಮರುದಿನ ಮಧ್ಯಾಹ್ನ ಚೌಗುಲೆ ಸರ್ ಸ್ಟಾಫ್ ರೂಮಿನಲ್ಲಿ ಲ್ಯಾಪ್‌ಟಾಪ್ ತೆರೆದರು. ಸುತ್ತ ನಾವು ಮೂವರು. ಮೊದಲು ಷರತ್ತುಗಳನ್ನು ಹೇಳಬೇಕಂತೆ. ಸಂಜೆ ಮೇಡಂ ಹೊತ್ತು ಮುಳುಗುವ ಮೊದಲು ಊಟಕ್ಕೆ ಕೂತಿರಬೇಕು. ಬೆಳಿಗ್ಗೆ ಹೊತ್ತು ಮೂಡಿ, ಅವರು ಉಂಡ ಮೇಲೆಯೇ ಹೊರಡಬೇಕು. ಎಲ್ಲರ ಹೆಬ್ಬೆರಳೂ ಯಂತ್ರಕ್ಕೆ ವೇಳೆಗೆ ಸಿಗಬೇಕು. "ನಿಮ್ಮವು ಏನರ ಅದಾವೇನ್ರಿ ಸರ್?" ಎಂದು ನನ್ನ ಕಡೆ ತಿರುಗಿದರು. ನಾನು ಬಹಳ ಕೇಳುವವನಲ್ಲ. ನಡುದಾರಿಯಲ್ಲಿ ಚಹಾ ಮತ್ತು ಮಿರ್ಚಿ ಭಜಿಗೆ ನಿಲ್ಲಬೇಕು, ಸ್ಟೇರಿಂಗು ನನ್ನ ಕೈಯಲ್ಲೇ ಇರಬೇಕು, ರಾತ್ರಿ ಕಾರು ನನ್ನ ಮನೆಮುಂದೆಯೇ ನಿಲ್ಲಬೇಕು ಎಂದು ಮೂರೇ ಮೂರು ಹೇಳಿದೆ. ಅವರು ಎಲ್ಲವನ್ನೂ ಹಾಕಿ ಗುಂಡಿ ಒತ್ತಿದರು. ಉತ್ತರ ಇಲ್ಲ ಎಂದಿತು ಕಂಪ್ಯೂಟರು. ಇಷ್ಟೂ ಷರತ್ತು ಪಾಲಿಸುವ ದಾರಿ ಈ ಭೂಮಿಯ ಮೇಲೆ ಇಲ್ಲವೆಂದು ಅದರ ಅರ್ಥವಂತೆ.

"ಒಂದೊಂದ ತಗದ ನೋಡೂಣ್ರಿ," ಎಂದರು ಚೌಗುಲೆ ಸರ್. ಮೇಡಂ ಸೆರಗಿನ ತುದಿ ಹಿಡಿದು ನಿಂತಿದ್ದರು. ಭಜಿ ತೆಗೆದರು. ಉತ್ತರ ಇಲ್ಲ. ಸ್ಟೇರಿಂಗನ್ನು ಬೇರೆಯವರ ಕೈಗೆ ಕೊಟ್ಟರು. ಇಲ್ಲ. ಕಾರನ್ನು ರಾತ್ರಿ ಚಿಕ್ಕೋಡಿಯಲ್ಲೇ ಬಿಟ್ಟರು. ಆಗಲೂ ಇಲ್ಲ. ನನ್ನವು ಮೂರೂ ಹೋದವು, ಉಳಿದವು ಸೂರ್ಯ ಮತ್ತು ಯಂತ್ರದವು. ಆ ಇಬ್ಬರಿಗೂ ಹೇಳಿ ಉಪಯೋಗವಿಲ್ಲ. ಮುಲ್ಲಾ ಸರ್ ಗಡ್ಡ ಕೆರೆದುಕೊಂಡರು. ಚೌಗುಲೆ ಸರ್ ನನ್ನ ಮುಖ ನೋಡಲಿಲ್ಲ. ಮೆಲ್ಲಗೆ ಎರಡು ಗುಂಡಿ ಒತ್ತಿದರು. ಪರದೆಯ ಮೇಲೆ ಹಸಿರು ಬಣ್ಣದಲ್ಲಿ ಉತ್ತರ ಬಂದುಬಿಟ್ಟಿತು. ಚಿಕ್ಕೋಡಿ, ಏಕಸಂಬಿ, ಸದಲಗಾ, ನಿಪ್ಪಾಣಿ. ಸಂಜೆ ಅದೇ ಒಳದಾರಿಯಿಂದ ಹಿಂದಕ್ಕೆ. ಹೊತ್ತು ಮುಳುಗುವುದರೊಳಗೆ ಮೇಡಂ ಮನೆಯಲ್ಲಿ.

"ಈಗೇನ ತಗದ್ರಿ?" ಎಂದೆ.

"ನಿಮ್ಮನ್ನರಿ ಸರ್," ಎಂದರು.

ಕಾರು ಚೌಗುಲೆ ಸರ್ ಅವರ ಮನೆಯಲ್ಲಿರುತ್ತದೆ, ಅವರೇ ಓಡಿಸುತ್ತಾರೆ. ನಾನು ಕಬ್ಬೂರಿನಿಂದ ನಿಪ್ಪಾಣಿಗೆ ನೇರ ಬಸ್ಸು ಹಿಡಿಯುತ್ತೇನೆ. ಮೂರೂ ಷರತ್ತು ತೆಗೆದ ಮೇಲೂ ನಾನು ಮೂಲೆಯಲ್ಲಿ ಕೂತು ಚಿಕ್ಕೋಡಿಯವರೆಗೆ ಬಂದರೆ ಏನು ಅಡ್ಡಿ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಗಣಿತವನ್ನು ಯಾಕೆ ಎಂದು ಕೇಳುವ ಧೈರ್ಯ ನನಗೆ ಶಾಲೆಯಲ್ಲಿಯೂ ಇರಲಿಲ್ಲ. ಮೇಲಾಗಿ ಮೇಡಂ ಅವರ ಮುಖ ನೋಡಿದೆ. ಅವರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಕೀಲಿ ತೆಗೆದು ಚೌಗುಲೆ ಸರ್ ಕೈಯಲ್ಲಿ ಇಟ್ಟೆ. ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. "ಗಾಡಿ ನಮ್ಮದು, ಲೆಕ್ಕಾ ಅವರದು, ಬಸ್ಸು ನಿಮಗ. ಛಲೋ ಶಾಸ್ತ್ರ ಐತಿ ಬಿಡ್ರಿ," ಎಂದಳು.

ಅದು ಕೆಲಸ ಮಾಡಿತು. ಮೊದಲ ಸಂಜೆ ತುಂಬಿದ ಬಸ್ಸಿನಲ್ಲಿ ಕಂಬಿ ಹಿಡಿದು ಜೋಲಾಡುತ್ತಿದ್ದಾಗ ಫೋನು ಗುಂಯ್ ಎಂದಿತು. "ಊಟ ಆತ್ರಿ ಸರ್," ಎಂದು ಮೇಡಂ ಬರೆದಿದ್ದರು. ಕಿಟಕಿಯಾಚೆ ಕಬ್ಬಿನ ಗದ್ದೆಯ ಮೇಲೆ ಸೂರ್ಯ ಇನ್ನೂ ಇದ್ದ. ನಾನು ಆ ಮೂರು ಶಬ್ದಗಳನ್ನು ಎಷ್ಟು ಸಲ ಓದಿದೆನೋ. ಗಣಿತದ ಬಗ್ಗೆ ನನಗೆ ಭಕ್ತಿಯೇ ಬಂದುಬಿಟ್ಟಿತು. ದಿನಾ ಆ ಸಂದೇಶ ಬರುತ್ತಿತ್ತು, ದಿನಾ ನಾನು ಬೆರಗಾಗುತ್ತಿದ್ದೆ. ಒಂದಿಡೀ ದೇಶದ ಲಾರಿಗಳನ್ನು ನಡೆಸುವ ಶಾಸ್ತ್ರ, ಏಕಸಂಬಿಯ ಒಬ್ಬ ಹೆಣ್ಣುಮಗಳ ತಾಟಿನ ಬಗ್ಗೆಯೂ ಕಾಳಜಿ ಮಾಡುತ್ತದಲ್ಲ.

ಸಂಕ್ರಾಂತಿ ಬಂತು. ರಾಜೀನಾಮೆಯ ಮಾತು ಯಾರೂ ಎತ್ತಲಿಲ್ಲ. ಹಗಲು ಉದ್ದವಾಗತೊಡಗಿತು, ನನಗೂ ಆಸೆ ಚಿಗುರಿತು. ಎಳ್ಳುಬೆಲ್ಲ ಕೊಡುವ ನೆಪದಲ್ಲಿ ಸ್ಟಾಫ್ ರೂಮಿನಲ್ಲಿ ಮೂವರನ್ನೂ ಹಿಡಿದು, "ಚೌಗುಲೆ ಸರ್, ಈಗ ಹೊತ್ತು ತಡಾ ಮಾಡಿ ಮುಳಗಾಕತ್ತೈತಿ. ನನ್ನನ್ನೂ ಹಾಕಿ ಒಮ್ಮೆ ಲೆಕ್ಕಾ ಮಾಡ್ರಿ," ಎಂದೆ. ಅವರು ಮಾಡಿದರು. ಉತ್ತರ ಇಲ್ಲ ಎಂದಿತು ಕಂಪ್ಯೂಟರು. ಈ ಸಲ ಕೇಳಿಯೇಬಿಟ್ಟೆ, "ಯಾಕ್ರಿ?"

ಚೌಗುಲೆ ಸರ್ ಎಳ್ಳುಬೆಲ್ಲ ಅಗಿಯುವುದರಲ್ಲಿ ಮಗ್ನರಾದರು. ಕೊನೆಗೆ ಮುಲ್ಲಾ ಸರ್, "ಸರ್, ಬುರಾ ಮತ್ ಮಾನೋ, ಬ್ಯಾಸರಾ ಮಾಡ್ಕೋಬ್ಯಾಡ್ರಿ," ಎಂದು ಶುರು ಮಾಡಿದರು. "ನೀವು ಮಾತಾಡೂ ಮುಂದ ನಿಮ್ಮ ಕಾಲು ಎಕ್ಸಲೇಟರ್ ಮ್ಯಾಲಿಂದ ಎದ್ದ ಬರತಿತ್ರಿ. ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಆಗ್ಯಾವು ಅಂತ ನೀವು ಅಂತಿದ್ರಿ. ಅವು ಹಿಂದಿಂದ ಹಾರ್ನ್ ಹೊಡದ ನಮ್ಮನ್ನ ದಾಟಿ ಮುಂದ ಹೋಗತಿದ್ವು."

"ಹಂಗಾರ ನೀವು ಓಡಸ್ರಿ, ನಾನು ಹಿಂದ ಕೂಡತೇನಿ," ಎಂದೆ.

"ಒಂದಿನಾ ನಾನ ಓಡಿಸಿದ್ದೆ, ನೆನಪೈತೇನ್ರಿ?" ಎಂದರು ಮುಲ್ಲಾ ಸರ್. " ನೀವು ಹೇಳಾಕ ಹತ್ತಿದ್ರ ಯಾರ ಓಡಿಸಿದ್ರೂ ಅಷ್ಟರಿ. ನಗಬೇಕು, ಹೂಂ ಅನಬೇಕು, ತಿರಗಿ ನಿಮ್ಮ ಮಾರಿ ನೋಡಬೇಕು. ಗಾಡಿ ತಾನ ಸಾವಕಾಶ ಆಗತೈತಿ. ಚೌಗುಲೆ ಸರ್ ಅದನ್ನೂ ಅಳತಿ ಮಾಡಿ ಲೆಕ್ಕದಾಗ ಹಾಕ್ಯಾರ."

ನಾನು ಮೇಡಂ ಕಡೆ ನೋಡಿದೆ. ಅಷ್ಟು ಸಂಜೆಗಳು ಅವರು ಹಿಂದಿನ ಸೀಟಿನಲ್ಲಿ ಕೂತು, ಹೊಟ್ಟೆ ಹಸಿದುಕೊಂಡು, ಮುಳುಗುವ ಸೂರ್ಯನನ್ನು ನೋಡುತ್ತ ನನ್ನ ಕತೆಗೆ ನಕ್ಕಿದ್ದರು. "ಒಂದ್ ಮಾತು ಹೇಳಬಾರದಿತ್ತೇನ್ರಿ ಮೇಡಂ?" ಎಂದೆ.

"ಕತಿ ಅಷ್ಟ ಛಲೋ ಇರತಿದ್ವು ಸರ್," ಎಂದರು ಅವರು. "ಅರ್ಧಾಕ್ಕ ನಿಲ್ಲಸ್ರಿ ಅನ್ನಾಕ ಮನಸ ಬರಲಿಲ್ಲ."

ಎಳ್ಳುಬೆಲ್ಲದ ಡಬ್ಬಿಯನ್ನು ಮೇಜಿನ ಮೇಲೆ ಅಲ್ಲೇ ಬಿಟ್ಟು ತರಗತಿಗೆ ಹೋದೆ. ಅಂದು ಜೀವಮಾನದಲ್ಲಿ ಮೊದಲ ಸಲ ಪಾಠವನ್ನು ಗಂಟೆ ಹೊಡೆಯುವ ಮೊದಲೇ ಮುಗಿಸಿದೆ. ಹುಡುಗರು ನನಗೆ ಮೈಯಲ್ಲಿ ಹುಷಾರಿಲ್ಲವೆಂದು ತಿಳಿದರು.

ಈಗಲೂ ನಾನು ಬಸ್ಸಿನಲ್ಲೇ ಬರುತ್ತೇನೆ. ಡ್ರೈವರ್ ಪರಿಚಯವಾಗಿದ್ದಾನೆ. ಮಾತೆಂದರೆ ಅವನಿಗೂ ಜೀವ. ಬೆನ್ನ ಹಿಂದಿನ ಸೀಟು ತೋರಿಸಿ, "ಬರ್ರಿ ಸರ್, ಇಲ್ಲೇ ಕೂಡ್ರಿ," ಎಂದು ದಿನಾ ಕರೆಯುತ್ತಾನೆ. ನಾನು ಕೈಮುಗಿದು ಕಟ್ಟಕಡೆಯ ಸೀಟಿಗೆ ಹೋಗಿ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಆ ಬಸ್ಸಿನಲ್ಲಿ ಹೊತ್ತು ಮುಳುಗುವುದರೊಳಗೆ ಮನೆ ಮುಟ್ಟಬೇಕಾದವರು ಯಾರಿದ್ದಾರೋ, ಅವರೂ ಮೇಡಂ ಹಾಗೆ ಬಾಯಿಬಿಟ್ಟು ಹೇಳುವವರಲ್ಲ.